ಸಾವಿರಕ್ಕೊಬ್ಬರು

ಗುಬ್ಬಿ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ ಇದೆ. ಅಪ್ಪ ಮೇಷ್ಟ್ರಾಗಿದ್ದವರು. ಅಡಿಕೆ ಕೀಳಿಸೋದು, ಸುಲಿಸೋದು, ಬೇಯಿಸೋದು, ಇದೆಲ್ಲ ಅವರಿಗೆ ಒಗ್ಗಲಿಲ್ಲ. ಹಾಗಾಗಿ ಮೊದಲಿಂದಲೂ ಫಸಲನ್ನ ಚೇಣಿಗೆ ಕೊಡೋದೇ ರೂಢಿ. ಹೆಚ್ಚುಕಮ್ಮಿ ಮೂವತ್ತು ವರ್ಷ ಒಬ್ಬರೇ ಚೇಣಿ ಹಿಡಿದರು. ಅವರ ಹೆಸರು ಇಲ್ಲಿ ಬೇಡ. ಮನೆಯಲ್ಲಿ ನಾವೆಲ್ಲ ಅವರನ್ನ ಚೇಣಿ ಭಾಯ್ ಅಂತಲೇ ಕರೆಯೋದು, ಹಾಗೇ ಇರಲಿ.

2024ರ ಜುಲೈನಲ್ಲಿ ಚೇಣಿ ಭಾಯ್ ಹಜ್ ಮುಗಿಸಿಕೊಂಡು ಬಂದರು. ಕುಣಿಗಲ್‌ನಲ್ಲಿರೋ ಅವರ ಮಗಳ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ತುಮಕೂರಿನಿಂದ ಅಪ್ಪನನ್ನ ಕರಕೊಂಡು ಬಸ್ಸಿನಲ್ಲಿ ಹೋದೆ. (ಅಪ್ಪನಿಗೆ ಅಲ್ಲಿ ಬೇರೆ ಅಡುಗೆ ಮಾಡಿಸಿದ್ದರು, ಚಿತ್ರಾನ್ನ, ಮೊಸರನ್ನ, ಬಾಳೆಹಣ್ಣು. ಅಪ್ಪ ಅದನ್ನ ಬಿಟ್ಟು ಶೀರ್ ಖುರ್ಮಾವನ್ನೇ ಎರಡು ಸಲ ಹಾಕಿಸಿಕೊಂಡರು, ಶುಗರ್ ಇರೋದು ಮರೆತು!) ಸಣ್ಣ ಲೋಟದಲ್ಲಿ ಜಮ್‌ಜಮ್ ನೀರು, ಒಂದು ಪೊಟ್ಟಣ ಖರ್ಜೂರ ಕೊಟ್ಟರು. ನಾನು ಸುಮ್ಮನಿರಲಾರದೆ, "ಎಷ್ಟು ವರ್ಷ ಆಯ್ತು ಭಾಯ್ ನೀವು ಅರ್ಜಿ ಹಾಕೋಕೆ ಶುರು ಮಾಡಿ?" ಅಂದೆ.

"2018ರಿಂದ ಲೆಕ್ಕ ಹಾಕು ಮರಿ. ಏನ್ ಮಾಡೋದು, ಸಾವಿರಕ್ಕೊಬ್ರು ಅಂತ ಕಾನೂನು."

ಯಾರು ಮಾಡಿದ ಕಾನೂನು ಅಂದೆ. ಅವರು ಮೇಲೆ ಕೈ ತೋರಿಸಿದರು. ದೇವರನ್ನ ತೋರಿಸಿದರೋ ದಿಲ್ಲಿಯನ್ನ ತೋರಿಸಿದರೋ ಗೊತ್ತಾಗಲಿಲ್ಲ.

ದೇವರೂ ಅಲ್ಲ ದಿಲ್ಲಿಯೂ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಊರಿಗೆ ಬಂದು ಕೆದಕುತ್ತಾ ಕೂತೆ. ಆ ಲೆಕ್ಕ ಗಟ್ಟಿಯಾದದ್ದು 1988ರ ಮಾರ್ಚ್‌ನಲ್ಲಿ, ಜೋರ್ಡಾನಿನ ಅಮ್ಮಾನ್ ನಗರದಲ್ಲಿ ನಡೆದ ಮುಸ್ಲಿಂ ದೇಶಗಳ ವಿದೇಶಾಂಗ ಮಂತ್ರಿಗಳ ಸಭೆಯಲ್ಲಿ. ಸಭೆ ಕರೆದದ್ದು ಓಐಸಿ. ಆಗ ಅದರ ಹೆಸರು ಇಸ್ಲಾಮಿಕ್ ಕಾನ್ಫರೆನ್ಸ್ ಸಂಘಟನೆ, 2011ರಿಂದ ಇಸ್ಲಾಮಿಕ್ ಸಹಕಾರ ಸಂಘಟನೆ. ಕಚೇರಿ ಸೌದಿಯ ಜೆಡ್ಡಾದಲ್ಲಿ, ಸದಸ್ಯ ದೇಶಗಳು 57. ಆ 57ರಲ್ಲಿ ನಮ್ಮ ದೇಶ ಇಲ್ಲ. 2011ರ ಜನಗಣತಿ ಪ್ರಕಾರ 17 ಕೋಟಿ 22 ಲಕ್ಷ ಮುಸ್ಲಿಮರಿರೋ ದೇಶಕ್ಕೆ ಅಲ್ಲಿ ಕುರ್ಚಿ ಇಲ್ಲ. ಆದರೆ ಅಲ್ಲಿ ಆದ ತೀರ್ಮಾನ ಗುಬ್ಬಿಯ ಒಬ್ಬ ಚೇಣಿದಾರರ ಬಾಳಿನ ಆರು ವರ್ಷಗಳನ್ನ ಅಲ್ಲಾಡಿಸಿತು. ಇದು ನನಗೆ ವಿಚಿತ್ರ ಅನ್ನಿಸಿತು. ಕುರ್ಚಿ ಯಾಕಿಲ್ಲ ಅಂತ ಹುಡುಕಿದೆ. ಆ ಕಥೆ ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ ಹೋಗಿ ಮುಟ್ಟುತ್ತದೆ ಅಂದರೆ ನಂಬ್ತೀರಾ?

ಕೇಳಿ.

1969ರ ಜುಲೈ. ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಅಖಿಲ ಭಾರತ ಸಮಿತಿಯ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ರಾಷ್ಟ್ರಪತಿ ಜಾಕಿರ್ ಹುಸೇನ್ ಮೇ ತಿಂಗಳಲ್ಲಿ ತೀರಿಕೊಂಡಿದ್ದರು, ಮುಂದೆ ಯಾರು ಅನ್ನೋದೇ ಜಗಳ. ಬೆಂಗಳೂರಿನಲ್ಲೇ ಸೇರಿದ ಪಾರ್ಲಿಮೆಂಟರಿ ಬೋರ್ಡು ಸಂಜೀವ ರೆಡ್ಡಿಯವರ ಹೆಸರನ್ನ ಆರಿಸಿತು. ಇಂದಿರಾ ಗಾಂಧಿಗೆ ಅದು ಬೇಕಿರಲಿಲ್ಲ. ಬೋರ್ಡಿನಲ್ಲಿ ಅವರ ಪರವಾಗಿ ಗಟ್ಟಿಯಾಗಿ ನಿಂತವರು ಫಕ್ರುದ್ದೀನ್ ಅಲಿ ಅಹ್ಮದ್, ಆಗ ಕೈಗಾರಿಕಾ ಅಭಿವೃದ್ಧಿ ಮಂತ್ರಿ. ಈ ಹೆಸರನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಗಸ್ಟ್‌ನಲ್ಲಿ ಜಗಳ ಬೀದಿಗೆ ಬಂತು. ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ, ಜನಸಂಘದ ನಾಯಕರ ಜೊತೆ ಮಾತಾಡಿದ್ದನ್ನ ಹಿಡಕೊಂಡು ಜಗಜೀವನ ರಾಮ್ ಮತ್ತು ಇದೇ ಫಕ್ರುದ್ದೀನ್ ಅವರಿಗೆ ಕಾಗದ ಬರೆದರು. ಆತ್ಮಸಾಕ್ಷಿಯ ವೋಟು ಅನ್ನೋ ಮಾತು ಎಲ್ಲರ ಬಾಯಲ್ಲೂ ಬಂದದ್ದು ಆಗಲೇ. ಆಗಸ್ಟ್ 20ಕ್ಕೆ ಎಣಿಕೆ ಮುಗಿದು ವಿ. ವಿ. ಗಿರಿ ಗೆದ್ದರು.

ಮಾರನೇ ದಿನ, ಆಗಸ್ಟ್ 21, ಇಲ್ಲಿಗೆ ಸಾವಿರಾರು ಮೈಲಿ ದೂರದ ಜೆರುಸಲೆಮ್‌ನಲ್ಲಿ ಅಲ್-ಅಕ್ಸಾ ಮಸೀದಿಗೆ ಬೆಂಕಿ ಬಿತ್ತು.

ಬೆಂಕಿ ಇಟ್ಟವನು ಡೆನಿಸ್ ಮೈಕೆಲ್ ರೋಹನ್ ಅಂತ ಆಸ್ಟ್ರೇಲಿಯಾದವನು. ಯಹೂದಿ ಅಲ್ಲ, ಕ್ರೈಸ್ತ. ದೇವರೇ ತನಗೆ ಅಪ್ಪಣೆ ಕೊಟ್ಟ ಅಂತ ಹೇಳಿದ. ಇಸ್ರೇಲಿನ ಕೋರ್ಟು ಬುದ್ಧಿ ಸರಿ ಇಲ್ಲ ಅಂತ ತೀರ್ಮಾನಿಸಿ ಆಸ್ಪತ್ರೆಗೆ ಹಾಕಿತು. ಸಲಾದೀನನ ಹೆಸರಿನ ಹನ್ನೆರಡನೇ ಶತಮಾನದ ಮರದ ಪ್ರವಚನ ಪೀಠ ಸುಟ್ಟುಹೋಯಿತು. ಆ ಜಾಗ 1967ರ ಯುದ್ಧದ ನಂತರ ಇಸ್ರೇಲಿನ ಕೈಯಲ್ಲಿತ್ತು, ಹಾಗಾಗಿ ಅರಬ್ ಜಗತ್ತಿನ ಸಿಟ್ಟೆಲ್ಲ ಇಸ್ರೇಲಿನ ಮೇಲೆ ತಿರುಗಿತು. ಒಂದು ತಿಂಗಳೊಳಗೆ ಮುಸ್ಲಿಂ ದೇಶಗಳ ಮುಖ್ಯಸ್ಥರೆಲ್ಲ ಮೊರಾಕ್ಕೋದ ರಾಜಧಾನಿ ರಬಾತ್‌ನಲ್ಲಿ ಸೇರೋದು ಅಂತಾಯಿತು. ಸೆಪ್ಟೆಂಬರ್ 22ರಿಂದ 25. ಆ ಸಭೆಯಿಂದಲೇ ಓಐಸಿ ಹುಟ್ಟಿದ್ದು.

ಮೊದಲಿಗೆ ಭಾರತಕ್ಕೆ ಕರೆ ಇರಲಿಲ್ಲ. ಇಷ್ಟೊಂದು ಮುಸ್ಲಿಮರಿರೋ ದೇಶವನ್ನ ಬಿಟ್ಟು ಇದೆಂಥ ಸಭೆ ಅಂತ ದಿಲ್ಲಿ ಪಟ್ಟು ಹಿಡಿಯಿತು. ಸಭೆ ಶುರುವಾದ ಮೇಲೆ, 23ನೇ ತಾರೀಖು, ಕರೆ ಬಂತು. ಒಮ್ಮತದ ಕರೆ. ಅಂದರೆ ಪಾಕಿಸ್ತಾನದ ಯಾಹ್ಯಾ ಖಾನ್ ಕೂಡ ಆ ಹೊತ್ತಿಗೆ ತಲೆ ಆಡಿಸಿದ್ದರು! ದಿಲ್ಲಿಯಿಂದ ನಿಯೋಗ ಹೊರಟು ಬರೋ ತನಕ ಕುರ್ಚಿ ಖಾಲಿ ಬಿಡೋ ಹಾಗಿಲ್ಲ. ಮೊರಾಕ್ಕೋದಲ್ಲಿ ನಮ್ಮ ರಾಯಭಾರಿಯಾಗಿದ್ದವರು ಗುರ್‌ಬಚನ್ ಸಿಂಗ್. ಅವರೇ ಹೋಗಿ ಕೂತರು.

ಈ ಚಿತ್ರವನ್ನ ಒಂದು ನಿಮಿಷ ಕಣ್ಣ ಮುಂದೆ ತಂದುಕೊಳ್ಳಿ. ಸುತ್ತ ದೊರೆಗಳು, ಜನರಲ್‌ಗಳು, ಅಧ್ಯಕ್ಷರು. ಮಸೀದಿಗೆ ಬೆಂಕಿ ಬಿದ್ದ ದುಃಖಕ್ಕೆ ಕರೆದ ಸಭೆ. ಅಲ್ಲಿ ಭಾರತದ ಹೆಸರಿನ ಫಲಕದ ಹಿಂದೆ ಒಬ್ಬ ಸಿಖ್. ಆಮೇಲೆ ಈ ವಿಷಯ ಎತ್ತಿಕೊಂಡು ನಕ್ಕವರೂ ಇದ್ದಾರೆ, ಸಿಟ್ಟಾದವರೂ ಇದ್ದಾರೆ. ನನಗಂತೂ ಆ ಇಡೀ ಪ್ರಕರಣದಲ್ಲಿ ಭಾರತ ಸರಿಯಾಗಿ ಕಾಣಿಸಿದ್ದು ಆ ಅರ್ಧ ದಿನ ಮಾತ್ರ. ನಮ್ಮ ದೇಶದ ಮುಸ್ಲಿಮರ ಪರವಾಗಿ ದೇಶ ಕೂತಿತ್ತು. ದೇಶದ ಪರವಾಗಿ ಯಾರು ಬೇಕಾದರೂ ಕೂರಬಹುದಿತ್ತು.

24ನೇ ತಾರೀಖು ನಿಯೋಗ ಬಂದಿಳಿಯಿತು. ಮುಂದಾಳು ಯಾರು? ಫಕ್ರುದ್ದೀನ್ ಅಲಿ ಅಹ್ಮದ್. ಒಂದು ತಿಂಗಳ ಹಿಂದಷ್ಟೇ ನಿಜಲಿಂಗಪ್ಪನವರ ಜೊತೆ ಕಾಗದದ ಯುದ್ಧ ಮಾಡಿದ್ದವರು.

ಅಷ್ಟರಲ್ಲಿ ಎಲ್ಲ ತಲೆಕೆಳಗಾಗಿತ್ತು. ಯಾಹ್ಯಾ ಖಾನರು ಭಾರತ ಕೂತರೆ ತಾನು ಬರಲ್ಲ ಅಂತ ಬಿಡಾರದಲ್ಲೇ ಕೂತುಬಿಟ್ಟರು. ಅವರ ಊರಲ್ಲಿ ವಿರೋಧಿಗಳು ತರಾಟೆಗೆ ತಗೊಂಡಿದ್ದರು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣವನ್ನ ನಾವೇ ಒದಗಿಸಿದ್ದೆವು. ಸೆಪ್ಟೆಂಬರ್ 18ಕ್ಕೆ ಅಹಮದಾಬಾದಿನಲ್ಲಿ ಗಲಭೆ ಶುರುವಾಗಿತ್ತು. 600ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಮುಸ್ಲಿಮರು. ಅದು ಗಾಂಧೀಜಿಯ ನೂರನೇ ಹುಟ್ಟುಹಬ್ಬದ ವರ್ಷ, ಇನ್ನು ಹದಿನೈದು ದಿನಕ್ಕೆ ಅಕ್ಟೋಬರ್ 2. ಗಾಂಧಿಯ ಸಾಬರಮತಿ ಹರಿಯೋ ಊರು. ಆ ಸುದ್ದಿ ರಬಾತ್‌ಗೂ ತಲುಪಿತ್ತು. ನಾವು ಮುಸ್ಲಿಮರ ಪರವಾಗಿ ಬಂದಿದ್ದೇವೆ ಅಂತ ನಮ್ಮವರು ಹೇಳಿದಾಗ ಎದುರಿಗಿದ್ದವರ ಮುಖ ಹೇಗಿದ್ದಿರಬಹುದು ಅಂತ ಯೋಚನೆ ಮಾಡ್ತೀನಿ.

ಇರಾನ್, ತುರ್ಕಿ, ಜೋರ್ಡಾನ್ ಪಾಕಿಸ್ತಾನದ ಜೊತೆ ನಿಂತವು. ಮೊರಾಕ್ಕೋದ ದೊರೆ ಎರಡನೇ ಹಸನ್ ಅತಿಥೇಯ, ಸಭೆ ಮುರಿದುಬೀಳೋದು ಅವರಿಗೆ ಬೇಡ. ಭಾರತದ ಮುಂದೆ ಮೂರು ದಾರಿ ಇಟ್ಟರು. ಬರೀ ವೀಕ್ಷಕರಾಗಿ ಕೂತ್ಕೊಳ್ಳಿ, ಇಲ್ಲ ನೀವಾಗಿಯೇ ವಾಪಸ್ ಹೋಗಿ, ಅದೂ ಇಲ್ಲ ಅಂದರೆ ಕೊನೇ ಬೈಠಕ್ಕಿಗೆ ಬರಬೇಡಿ. ಫಕ್ರುದ್ದೀನ್ ಮೂರಕ್ಕೂ ಒಲ್ಲೆ ಅಂದರು. ಕರೆದವರು ನೀವು, ನಾವಾಗಿ ಬಂದಿಲ್ಲ ಅನ್ನೋದು ಅವರ ವಾದ. ವಾದ ಸರಿಯಾಗೇ ಇತ್ತು. ಆದರೆ 25ಕ್ಕೆ ಭಾರತವನ್ನ ಹೊರಗಿಟ್ಟೇ ಸಭೆ ಮುಗಿಸಿದರು.

ನನಗೆ ಚುಚ್ಚಿದ್ದು ಇದಕ್ಕಿಂತಲೂ ಕೊನೆಯಲ್ಲಿ ಹೊರಡಿಸಿದ ಘೋಷಣೆ. ಅದರಲ್ಲಿ ಬಂದಿದ್ದ ದೇಶಗಳ ಪಟ್ಟಿ ಇದೆ. ಎಲ್ಲ ದೇಶಗಳ ಹೆಸರೂ ಇದೆ. ನಮ್ಮದು ಮಾತ್ರ ದೇಶವಾಗಿ ಇಲ್ಲ, "ಭಾರತದ ಮುಸ್ಲಿಂ ಸಮುದಾಯ" ಅಂತ ಇದೆ! ಒಂದು ಗಣರಾಜ್ಯದ ಮಂತ್ರಿ, ಅವರ ಸರ್ಕಾರ, ಅವರ ಬಾವುಟ, ಎಲ್ಲವನ್ನೂ ಪಕ್ಕಕ್ಕಿಟ್ಟು ಜನರನ್ನ ಮಾತ್ರ ಬೇರ್ಪಡಿಸಿ ಪಟ್ಟಿಗೆ ಸೇರಿಸಿಕೊಂಡರು. ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ. ಚೇಣಿ ಭಾಯ್‌ನ ಕೇಳಿದರೆ ತಾನು ಗುಬ್ಬಿಯವನು ಅಂತಾರೆ. ಆ ಘೋಷಣೆಯಲ್ಲಿ ಗುಬ್ಬಿಗೆ ಜಾಗ ಇರಲಿಲ್ಲ.

ಸಿಟ್ಟಿನಲ್ಲಿ ಭಾರತ ಮೊರಾಕ್ಕೋ ಮತ್ತು ಜೋರ್ಡಾನಿನಿಂದ ತನ್ನ ರಾಜತಾಂತ್ರಿಕರನ್ನ ವಾಪಸ್ ಕರೆಸಿಕೊಂಡಿತು. ಇಲ್ಲಿ ಮನೆಯೊಳಗೂ ರಂಪ. ಜಾತ್ಯತೀತ ದೇಶ ಧರ್ಮದ ಹೆಸರಿನ ಸಭೆಗೆ ಹೋಗಿದ್ದೇ ತಪ್ಪು, ಹೋಗಿ ಮುಖಕ್ಕೆ ಹೊಡೆಸಿಕೊಂಡು ಬಂದದ್ದು ಇನ್ನೂ ತಪ್ಪು ಅಂತ ವಿರೋಧ ಪಕ್ಷಗಳು ಮುಗಿಬಿದ್ದವು. ನವೆಂಬರ್ 12ಕ್ಕೆ ನಿಜಲಿಂಗಪ್ಪನವರ ಕಾಂಗ್ರೆಸ್ ಇಂದಿರಾ ಗಾಂಧಿಯನ್ನ ಪಕ್ಷದಿಂದ ಹೊರಹಾಕಿತು. ಪಕ್ಷ ಎರಡಾಯಿತು. ಐದು ದಿನಕ್ಕೆ ಪಾರ್ಲಿಮೆಂಟು ಸೇರಿದಾಗ, ಬಹುಮತ ಕಳಕೊಂಡ ಇಂದಿರಾ ಸರ್ಕಾರಕ್ಕೆ ಮೊದಲ ಬಲಪರೀಕ್ಷೆ ಯಾವ ವಿಷಯದ ಮೇಲೆ ಬಂತು ಗೊತ್ತಾ? ರಬಾತ್. ಅದರ ಮೇಲಿನ ಗೊತ್ತುವಳಿ ಬಿದ್ದುಹೋಯಿತು, ಸರ್ಕಾರ ಉಳಿಯಿತು.

ಬಸ್ಸಿನಲ್ಲಿ ವಾಪಸ್ ಬರೋವಾಗ ಅಪ್ಪನ ಹತ್ತಿರ 1969 ನೆನಪಿದೆಯಾ ಅಂದೆ. ಅವರು ಆಗ ಕಾಲೇಜು ಹುಡುಗ. "ನಿಜಲಿಂಗಪ್ಪನವರು ನೆನಪಿದಾರೆ, ಬ್ಯಾಂಕ್ ರಾಷ್ಟ್ರೀಕರಣ ನೆನಪಿದೆ, ಮನುಷ್ಯ ಚಂದ್ರನ ಮೇಲೆ ಇಳಿದದ್ದು ನೆನಪಿದೆ. ರಬಾತ್ ಅಂದ್ರೆ ಯಾವ ಹಣ್ಣು?" ಅಂದರು. ಮೂರೂ ಒಂದೇ ಜುಲೈನವು, ನಿಜ. ರಬಾತ್ ಆ ಗದ್ದಲದಲ್ಲಿ ಮುಳುಗಿಹೋಯಿತು. ಫಕ್ರುದ್ದೀನ್ ಮುಂದೆ 1974ರಲ್ಲಿ ರಾಷ್ಟ್ರಪತಿಯಾದರು, ತುರ್ತು ಪರಿಸ್ಥಿತಿಯ ಆದೇಶಕ್ಕೆ ಸಹಿ ಹಾಕಿದವರು ಅಂತ ಎಲ್ಲರಿಗೂ ಗೊತ್ತು. ರಬಾತ್‌ನ ಬಿಡಾರದಲ್ಲಿ ಮೂರು ಸಲ ಒಲ್ಲೆ ಅಂದವರೂ ಅವರೇ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಕುಣಿಗಲ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ಅಲ್ಲಿನ ಕುದುರೆ ಫಾರಂ ಎಲ್ಲರಿಗೂ ಗೊತ್ತು. ಟಿಪ್ಪುವಿನ ಕಾಲದಲ್ಲಿ ದಂಡಿಗೆ ಕುದುರೆ ಬೆಳೆಸೋಕೆ ಶುರುವಾದದ್ದು, ಆಮೇಲೆ ರೇಸಿನ ಕುದುರೆಗೆ ಹೆಸರಾಯಿತು. ಅದೇ ಟಿಪ್ಪು 1786ರಲ್ಲಿ ನಮ್ಮ ಉತ್ತರ ಕನ್ನಡದ ತದಡಿ ಬಂದರಿನಿಂದ ತುರ್ಕಿಯ ಸುಲ್ತಾನನ ಹತ್ತಿರಕ್ಕೆ ಒಂದು ರಾಯಭಾರ ಕಳಿಸಿದ. ಸುಮಾರು 900 ಜನ, ಹಡಗುಗಳ ತುಂಬ ಮೆಣಸು, ಗಂಧ, ಬಟ್ಟೆ. ತುರ್ಕಿಯ ಸುಲ್ತಾನ ಅಂದರೆ ಆಗಿನ ಖಲೀಫ, ಮುಸ್ಲಿಂ ಜಗತ್ತಿಗೆಲ್ಲ ಹಿರಿಯ ಅನ್ನೋ ಲೆಕ್ಕ. ಬಸ್ರಾ ಬಂದರನ್ನ ನನಗೆ ಬಿಟ್ಟುಕೊಡಿ, ಬದಲಿಗೆ ಮಂಗಳೂರು ಬಂದರನ್ನ ನೀವಿಟ್ಟುಕೊಳ್ಳಿ ಅಂತ ಕೂಡ ಕೇಳಿಸಿದ್ದ! ರೋಗ, ಚಳಿ, ಹಡಗು ಒಡೆದದ್ದು, ಇದರಲ್ಲಿ ಹೋದವರ ಪೈಕಿ ಬಹುಪಾಲು ಜನ ವಾಪಸ್ ಬರಲಿಲ್ಲ. ಮಾನಮರ್ಯಾದೆ ಸಿಕ್ಕಿತು, ಇಂಗ್ಲಿಷರ ವಿರುದ್ಧ ಸೈನ್ಯ ಸಿಗಲಿಲ್ಲ.

ಹನ್ನೆರಡು ವರ್ಷ ಕಳೆದ ಮೇಲೆ ಆ ಕಡೆಯಿಂದ ಕಾಗದ ಬಂತು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ್ದ. ಆಗಿನ ಸುಲ್ತಾನ ಮೂರನೇ ಸಲೀಂ ಟಿಪ್ಪುವಿಗೆ ಬರೆದ: ಫ್ರೆಂಚರು ನಮ್ಮ ಧರ್ಮದ ಶತ್ರುಗಳು, ಅವರ ಸಹವಾಸ ಬಿಡು, ಇಂಗ್ಲಿಷರ ಜೊತೆ ಜಗಳ ಇದ್ದರೆ ನಾನು ಕೂಡಿಸಿ ಮಾತಾಡಿಸ್ತೀನಿ. ಈ ಕಾಗದವನ್ನ ಟಿಪ್ಪುವಿಗೆ ತಲುಪಿಸಿದ್ದು ಯಾರು? ಗವರ್ನರ್ ಜನರಲ್ ವೆಲ್ಲೆಸ್ಲಿ, 1799ರ ಜನವರಿಯಲ್ಲಿ. ಟಿಪ್ಪುವಿನ ಮೇಲೆ ದಂಡೆತ್ತಿ ಬರೋಕೆ ತಯಾರಾಗಿ ನಿಂತಿದ್ದವನೇ ಅಂಚೆಯವನೂ ಆದ. ಟಿಪ್ಪು ವಿನಯವಾಗಿ ಉತ್ತರ ಬರೆದ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಧರ್ಮದ ಹೆಸರಿನಲ್ಲಿ ಬಂದ ಕಾಗದದ ಹಿಂದೆ ದೊರೆಗಳ ಸ್ವಂತ ಲೆಕ್ಕ ಇತ್ತು ಅನ್ನೋದು 1799ರಲ್ಲೂ ನಿಜ, 1969ರಲ್ಲೂ ನಿಜ. ಟಿಪ್ಪುವಿನ ಬಗ್ಗೆ ನಮ್ಮಲ್ಲಿ ವರ್ಷಾವರ್ಷ ಜಗಳ ಆಗುತ್ತೆ, ಈ ಕಾಗದದ ವಿಷಯ ಎರಡೂ ಕಡೆಯವರು ಎತ್ತೋದು ಕಡಿಮೆ. ಎರಡೂ ಕಡೆಯವರ ಕಥೆಗೂ ಅದು ಸರಿಯಾಗಿ ಕೂರಲ್ಲ, ಅದಕ್ಕೇ ಇರಬೇಕು. ಇರಲಿ, ವಿಷಯಕ್ಕೆ ಬರ್ತೀನಿ.

ರಬಾತ್ ಆದ ಮೇಲೆ ಓಐಸಿ ಬೆಳೆಯಿತು. ಮೊದಲ ಪ್ರಧಾನ ಕಾರ್ಯದರ್ಶಿ ಮಲೇಷ್ಯಾದ ತುಂಕು ಅಬ್ದುಲ್ ರೆಹಮಾನ್. 1972ಕ್ಕೆ ಸಂವಿಧಾನ ಬಂತು. ಮುಂದೆ ಜೆಡ್ಡಾದಲ್ಲೇ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕ್ ಶುರುವಾಯಿತು. ನಡುವೆ 1971ರಲ್ಲಿ ಪೂರ್ವ ಬಂಗಾಳದಲ್ಲಿ ಮುಸ್ಲಿಮರನ್ನ ಮುಸ್ಲಿಂ ದೇಶದ ಸೈನ್ಯವೇ ಕೊಂದಾಗ ಈ ಸಂಘಟನೆ ಪಾಕಿಸ್ತಾನದ ಪರವಾಗಿಯೇ ನಿಂತಿತು. 1974ರ ಲಾಹೋರ್ ಸಭೆಗೆ ಮುಜಿಬುರ್ ರೆಹಮಾನ್ ಹೋದರು, ಬಾಂಗ್ಲಾದೇಶ ಸದಸ್ಯವಾಯಿತು. ಇಸ್ರೇಲ್ ಜೊತೆ ರಾಜಿ ಮಾಡಿಕೊಂಡ ಈಜಿಪ್ಟನ್ನ 1979ರಲ್ಲಿ ಅಮಾನತು ಮಾಡಿ ಐದು ವರ್ಷಕ್ಕೆ ವಾಪಸ್ ತಗೊಂಡರು. ಇರಾನ್-ಇರಾಕ್ ಎಂಟು ವರ್ಷ ಬಡಿದಾಡಿದಾಗ ನಿಲ್ಲಿಸೋಕೆ ಆಗಲಿಲ್ಲ. ಕಾಶ್ಮೀರದ ಬಗ್ಗೆ ನಿರ್ಣಯ ಮಾಡೋದು, ಅದನ್ನ ಭಾರತ ತಳ್ಳಿಹಾಕೋದು, ಇದು ಪ್ರತಿವರ್ಷದ ಶಾಸ್ತ್ರ.

ಸದಸ್ಯರಾಗೋಕೆ ಮುಸ್ಲಿಮರು ಹೆಚ್ಚಿರಲೇಬೇಕು ಅಂತ ನೀವು ಅಂದುಕೊಂಡಿದ್ದರೆ (ನಾನಂತೂ ಹಾಗೇ ಅಂದುಕೊಂಡಿದ್ದೆ), ಪಟ್ಟಿ ನೋಡಿ. ಉಗಾಂಡಾ 1974ರಿಂದ ಸದಸ್ಯ, ಅಲ್ಲಿ ಮುಸ್ಲಿಮರು ಸುಮಾರು ಶೇಕಡಾ 14. ನಮ್ಮಲ್ಲೂ ಶೇಕಡಾ 14! ದಕ್ಷಿಣ ಅಮೆರಿಕದ ಗಯಾನಾದಲ್ಲಿ ಇನ್ನೂ ಕಡಿಮೆ, ಅದೂ 1998ರಿಂದ ಸದಸ್ಯ. ರಷ್ಯಾ 2005ರಿಂದ, ಥಾಯ್ಲೆಂಡ್ 1998ರಿಂದ ವೀಕ್ಷಕರು. 2006ರಲ್ಲಿ ಸೌದಿ ದೊರೆ ಅಬ್ದುಲ್ಲಾ ಭಾರತಕ್ಕೆ ಬಂದಾಗ ಭಾರತವೂ ವೀಕ್ಷಕ ಆಗಬೇಕು, ಪಾಕಿಸ್ತಾನವೇ ಆ ಮಾತು ಎತ್ತಿದರೆ ಚೆಂದ ಅಂದಿದ್ದರು. ಪಾಕಿಸ್ತಾನ ಎತ್ತಲಿಲ್ಲ, ಬೇರೆ ಹೇಳಬೇಕಾಗಿಲ್ಲ. 2019ರ ಮಾರ್ಚ್ 1ಕ್ಕೆ ಅಬುಧಾಬಿಯಲ್ಲಿ ವಿದೇಶಾಂಗ ಮಂತ್ರಿಗಳ ಸಭೆ. ಸುಷ್ಮಾ ಸ್ವರಾಜ್ ಗೌರವ ಅತಿಥಿ. ರಬಾತ್ ಆಗಿ ಐವತ್ತನೇ ವರ್ಷಕ್ಕೆ! ನಮ್ಮ ಬಳ್ಳಾರಿಯಲ್ಲಿ ಚುನಾವಣೆಗೆ ನಿಂತು ಕನ್ನಡ ಮಾತಾಡಿದ ಸುಷ್ಮಾ ಅಲ್ಲಿ ಹೋಗಿ ಮಾತಾಡಿದರು. ಈ ಸಲ ಕುರ್ಚಿ ಖಾಲಿ ಬಿಟ್ಟದ್ದು ಪಾಕಿಸ್ತಾನದ ಮಂತ್ರಿ. ಆದರೆ ಅತಿಥಿಯಾಗಿ ಹೋಗಿ ಬಂದದ್ದಷ್ಟೇ, ಸದಸ್ಯತ್ವದ ಮಾತು ಮುಂದಕ್ಕೆ ಹೋಗಲಿಲ್ಲ.

ನನ್ನ ಕೇಳಿದರೆ, 1969ರಲ್ಲಿ ಹೋದದ್ದು ತಪ್ಪಲ್ಲ. ಹೋಗಲೇಬೇಕು ಅಂತ ಹಠ ಹಿಡಿದದ್ದು ತಪ್ಪು. ಬಾಗಿಲು ತಟ್ಟಿ ಒಳಗೆ ಹೋದವರನ್ನ ಹೊರಗೆ ಕಳಿಸೋದು ಸುಲಭ. ಈಗ ಸದಸ್ಯತ್ವಕ್ಕೆ ಹಪಹಪಿಸೋದೂ ಬೇಡ. ಆದರೆ "ನಮಗೂ ಅದಕ್ಕೂ ಸಂಬಂಧ ಇಲ್ಲ" ಅಂತ ಯಾರಾದರೂ ಅಂದರೆ ಅದು ಸುಳ್ಳು. ಸಂಬಂಧ ಇದೆ. ಎಲ್ಲಿದೆ ಅಂದರೆ, ಆ ಸಾವಿರಕ್ಕೊಬ್ಬರು ಅನ್ನೋದರಲ್ಲಿ.

1987ರ ಜುಲೈ 31, ಮೆಕ್ಕಾ. ಹಜ್‌ಗೆ ಬಂದಿದ್ದ ಇರಾನಿನ ಯಾತ್ರಿಕರು ಅಮೆರಿಕ, ಇಸ್ರೇಲ್ ವಿರುದ್ಧ ಮೆರವಣಿಗೆ ಹೊರಟರು. ಸೌದಿ ಪೊಲೀಸರು ತಡೆದರು. ಘರ್ಷಣೆ, ನೂಕುನುಗ್ಗಲಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಇರಾನಿಯರೇ ಹೆಚ್ಚು. ಯಾತ್ರಿಕರ ಸಂಖ್ಯೆಗೆ ಮಿತಿ ಹಾಕಬೇಕು ಅಂತ ಸೌದಿ ಹೊರಟಿತು. ಮುಖ್ಯವಾಗಿ ಇರಾನಿನಿಂದ ಬರೋವರ ಸಂಖ್ಯೆಗೆ ಅನ್ನೋದರಲ್ಲಿ ಗುಟ್ಟೇನಿಲ್ಲ. ಆದರೆ ಹಜ್‌ಗೆ ಬರಬೇಡ ಅಂತ ಒಬ್ಬರಿಗೆ ಒಂದು ದೇಶ ಹೇಳೋ ಹಾಗಿಲ್ಲವಲ್ಲ. ಹಾಗಾಗಿ ಓಐಸಿ ಮುಂದೆ ಇಟ್ಟರು. ಅಮ್ಮಾನ್ ಸಭೆ ಒಪ್ಪಿತು: ಯಾವ ದೇಶವೇ ಆಗಲಿ, ಅಲ್ಲಿನ ಹತ್ತು ಲಕ್ಷ ಮುಸ್ಲಿಮರಿಗೆ ಒಂದು ಸಾವಿರ ಯಾತ್ರಿಕರು. ಇರಾನಿಗೆ 45,000 ಬಂತು, ಅವರು ಕೇಳಿದ್ದು 1,50,000. ಒಪ್ಪದೆ ಮೂರು ವರ್ಷ ಯಾರನ್ನೂ ಕಳಿಸಲಿಲ್ಲ, 1991ಕ್ಕೆ ಮತ್ತೆ ಬಂದರು.

ಇರಾನಿಗೂ ಸೌದಿಗೂ ಇದ್ದ ಜಗಳಕ್ಕೆ ಕಂಡುಕೊಂಡ ಸೂತ್ರ ಅದು. ಜಗಳ ತಣ್ಣಗಾಗೋದು, ಮತ್ತೆ ಹೊತ್ತಿಕೊಳ್ಳೋದು ನಡೆದೇ ಇದೆ, ಸೂತ್ರ ಮಾತ್ರ ಉಳಿದುಕೊಂಡಿತು. ಸದಸ್ಯರಲ್ಲದ ಭಾರತಕ್ಕೂ ಅದೇ. ಹಳೇದೆಲ್ಲ ಒಪ್ಪಿಸ್ತಾ ಕೂರಲ್ಲ. 2013ರಲ್ಲಿ ಮೆಕ್ಕಾದ ಮಸೀದಿ ವಿಸ್ತರಣೆ ಕೆಲಸ ಅಂತ ಎಲ್ಲ ದೇಶಗಳಿಗೂ ಶೇಕಡಾ 20 ಕಡಿತ ಮಾಡಿದರು, ನಮ್ಮದು 1,36,020ಕ್ಕೆ ಇಳಿಯಿತು. 2017ಕ್ಕೆ ವಾಪಸ್ 1,70,025. 2019ಕ್ಕೆ ಎರಡು ಲಕ್ಷ. 2023 ಮತ್ತು 2024ರಲ್ಲಿ 1,75,025. ಮೇಲಿನ ಜನಗಣತಿ ಸಂಖ್ಯೆಯನ್ನ ಸಾವಿರದಿಂದ ಭಾಗಿಸಿ ನೋಡಿ, ಹತ್ತಿರ ಹತ್ತಿರ ಅಷ್ಟೇ ಬರುತ್ತೆ. ಅದರಲ್ಲಿ ಖಾಸಗಿ ಟೂರಿನವರ ಪಾಲು ತೆಗೆದು ಉಳಿದದ್ದನ್ನ ಹಜ್ ಸಮಿತಿ ರಾಜ್ಯಗಳಿಗೆ ಹಂಚುತ್ತೆ, ಆಯಾ ರಾಜ್ಯದ ಮುಸ್ಲಿಂ ಜನಸಂಖ್ಯೆ ನೋಡಿಕೊಂಡು. ಅರ್ಜಿ ಜಾಸ್ತಿ ಬಂದರೆ ಚೀಟಿ ಎತ್ತೋದು. ಅದಕ್ಕೆ ಕುರ್ರಾ ಅಂತಾರೆ. ಈಗ ಚೀಟಿಯ ಬದಲು ಕಂಪ್ಯೂಟರು.

ಒಂದು ಊರಲ್ಲಿ ಸಾವಿರ ಜನ ಮುಸ್ಲಿಮರಿದ್ದರೆ ವರ್ಷಕ್ಕೆ ಒಬ್ಬರಿಗೆ ಯೋಗ. ಜೀವಮಾನದಲ್ಲಿ ಒಂದು ಸಲ ಹೋಗಬೇಕು ಅನ್ನೋದು ನಿಯಮ, ಕೈಲಾದವರಿಗೆ. ಇಬ್ಬರೂ ಹೋಗೋಣ ಅಂತ ಗಂಡ ಹೆಂಡತಿ ಹೊರಟರೆ ಎರಡು ಸಾವಿರ ಜನರ ಪಾಲಿನ ಅದೃಷ್ಟ ಒಂದೇ ಮನೆಗೆ ಬರಬೇಕು.

ಚೇಣಿ ಭಾಯ್ ಮತ್ತು ಅವರ ಹೆಂಡತಿ ಒಂದೇ ಅರ್ಜಿಯಲ್ಲಿ ಹಾಕಿದರು. 2018ಕ್ಕೆ ಬರಲಿಲ್ಲ. 2019ಕ್ಕೆ ಬರಲಿಲ್ಲ. 2020ರ ಜನವರಿಯಲ್ಲಿ ಬಂತು! ಆವತ್ತು ಅವರು ಗುಬ್ಬಿಯಿಂದ ನಮ್ಮ ಮನೆಗೆ ಫೋನ್ ಮಾಡಿ ಅಪ್ಪನ ಹತ್ತಿರ, "ಅಣ್ಣಾ, ನಮ್ದು ಹೆಸರು ಬಂತು" ಅಂದದ್ದು ಪಕ್ಕದ ರೂಮಿಗೂ ಕೇಳಿಸಿತ್ತು. ಆ ವರ್ಷದ ಚೇಣಿ ಹಣವನ್ನ ಮೊದಲೇ ಕಟ್ಟಿ ಲೆಕ್ಕ ಚುಕ್ತಾ ಮಾಡಿದರು. ಹಜ್‌ಗೆ ಹೋಗೋವರು ಸಾಲ ಇಟ್ಟುಕೊಂಡು ಹೋಗಬಾರದಂತೆ. ಹೋಗಿ ಅವರಿವರ ಹತ್ತಿರ ತಪ್ಪಾಗಿದ್ದರೆ ಮಾಫಿ ಕೇಳಿಕೊಂಡು ಬಂದರು. ಅಪ್ಪನ ಹತ್ತಿರವೂ ಕೇಳಿದರು. ಅಪ್ಪ, "1998ರಲ್ಲಿ ಒಂದು ಮೂಟೆ ಅಡಿಕೆ ಲೆಕ್ಕ ಬರಲಿಲ್ಲ, ಅದನ್ನ ಮಾಫಿ ಮಾಡಿದೀನಿ ಹೋಗಿ" ಅಂತ ತಮಾಷೆ ಮಾಡಿದರು. ಭಾಯ್ ತಮಾಷೆ ಅಂದುಕೊಳ್ಳಲಿಲ್ಲ. ಮಾರನೇ ವಾರ ಒಂದು ಮೂಟೆಯ ದುಡ್ಡು ತಂದಿಟ್ಟರು. ಅಪ್ಪ ವಾಪಸ್ ಕೊಡೋಕೆ ಪಟ್ಟ ಪಾಡು ಬೇರೆ ಕಥೆ.

ಮಾರ್ಚ್‌ಗೆ ಕೊರೋನಾ. ಜೂನ್‌ನಲ್ಲಿ ಸೌದಿಯವರು ಹೊರದೇಶದವರು ಯಾರೂ ಬರೋ ಹಾಗಿಲ್ಲ ಅಂದರು. ಕಟ್ಟಿದ ದುಡ್ಡು ಪೂರ್ತಿ ಖಾತೆಗೆ ವಾಪಸ್ ಬಂತು. 2021ಕ್ಕೂ ಹಾಗೇ. ಆ ವರ್ಷದ ಎರಡನೇ ಅಲೆಯಲ್ಲಿ ಭಾಯ್ ಹೆಂಡತಿ ತೀರಿಕೊಂಡರು. ಗುಬ್ಬಿಗೆ ಹೋಗೋಕೂ ಆಗಲಿಲ್ಲ ನಮಗೆ, ಲಾಕ್‌ಡೌನು. ಅಪ್ಪ ಫೋನ್ ಮಾಡಿ ಸ್ವಲ್ಪ ಹೊತ್ತು ಮಾತಾಡದೆ ಹಿಡಕೊಂಡು ಕೂತಿದ್ದರು.

2022ಕ್ಕೆ ಹಜ್ ಮತ್ತೆ ತೆರೆಯಿತು, ಆದರೆ 65 ದಾಟಿದವರಿಗೆ ಇಲ್ಲ ಅಂದರು ಸೌದಿಯವರು. ಭಾಯ್‌ಗೆ 68. 2023ಕ್ಕೆ ವಯಸ್ಸಿನ ಅಡ್ಡಿ ತೆಗೆದರು, ಕುರ್ರಾದಲ್ಲಿ ಹೆಸರು ಬರಲಿಲ್ಲ. ಆಗ 70 ಆದವರಿಗೆ ಚೀಟಿ ಇಲ್ಲದೆ ನೇರ ಅವಕಾಶ ಇತ್ತು, ಜೊತೆಗೊಬ್ಬರು ಇರಬೇಕಿತ್ತು. 2024ಕ್ಕೆ ಅವರಿಗೆ 70 ತುಂಬಿತ್ತು. ಮಗನನ್ನ ಜೊತೆ ಮಾಡಿಕೊಂಡು ಹೋದರು.

ಆ ವರ್ಷದ ಬಿಸಿಲು ನಿಮಗೆ ನೆನಪಿರಬಹುದು. ಮೆಕ್ಕಾದಲ್ಲಿ 51 ಡಿಗ್ರಿ ದಾಟಿತು. 1,300 ಮಂದಿ ಸತ್ತರು ಅಂತ ಸೌದಿಯವರೇ ಹೇಳಿದರು. ಅವರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಜನ ಪರವಾನಗಿ ಇಲ್ಲದೆ ಬಂದವರು. ಅಂದರೆ ಕೋಟಾದಲ್ಲಿ ಹೆಸರು ಬಾರದೆ ಹೇಗೋ ನುಸುಳಿದವರು. ಅವರಿಗೆ ಏಸಿ ಟೆಂಟು ಇಲ್ಲ, ಬಸ್ಸಿಲ್ಲ, ಸುಡೋ ಬಿಸಿಲಲ್ಲಿ ನಡಿಗೆ. 98 ಭಾರತೀಯರು ತೀರಿಕೊಂಡ ಸುದ್ದಿ ಟೀವಿಯಲ್ಲಿ ಬಂದ ದಿನ ಅಪ್ಪ ಮೂರು ಸಲ ಭಾಯ್ ಮಗನಿಗೆ ವಾಟ್ಸಪ್ ಕಾಲ್ ಮಾಡಿಸಿದರು. ನಾಲ್ಕನೇ ಸಲಕ್ಕೆ ಸಿಕ್ಕಿದರು. "ಛತ್ರಿ ಇದೆ ಅಣ್ಣಾ, ನೀರಿದೆ, ಏನೂ ಆಗಿಲ್ಲ" ಅಂದರಂತೆ.

ಇದನ್ನೆಲ್ಲ ಓದಿಕೊಂಡ ಮೇಲೆ ಒಂದು ಭಾನುವಾರ ಗುಬ್ಬಿಗೆ ಹೋಗಿದ್ದೆ. ತೋಟದ ಬದುವಿನ ಮೇಲೆ ಕೂತು ಚೇಣಿ ಭಾಯ್‌ಗೆ ಇಷ್ಟನ್ನೂ ಹೇಳಿದೆ. ರಬಾತ್, ಸರ್ದಾರ್ಜಿ, ಯಾಹ್ಯಾ ಖಾನ್, ಅಮ್ಮಾನ್, ಎಲ್ಲ. ಸಾವಿರಕ್ಕೊಬ್ಬರು ಅನ್ನೋ ಲೆಕ್ಕ ಮಾಡಿದ ಸಭೆಯಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ ಭಾಯ್ ಅಂದೆ. ಅವರು ಗೊನೆ ನೋಡ್ತಾ ಕೇಳಿಸಿಕೊಂಡರು.

"ನಮ್ಮವರು ಇದ್ದಿದ್ರೆ ಎಷ್ಟಕ್ಕೊಬ್ರು ಆಗ್ತಿತ್ತು?" ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ಮೆಕ್ಕಾದ ಜಾಗ ದೊಡ್ಡದಾಗ್ತಿರಲಿಲ್ಲ, ಸಾವಿರಕ್ಕೊಬ್ಬರೇ ಇರ್ತಿತ್ತೇನೋ ಅಂದೆ.

"ಹಂಗಾದ್ರೆ ಆ ಸರ್ದಾರ್ಜಿ ಕೂತಿದ್ರಲ್ಲ, ಅದು ಒಳ್ಳೇದಾಯ್ತು ಬಿಡು" ಅಂದರು. ಯಾಕೆ ಒಳ್ಳೇದಾಯ್ತು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಅವರಾಗಿಯೇ ಹೇಳಿದರು. ಹಜ್ ಮುಗಿದ ಮೇಲೆ ಊರಿಗೆ ಹೊರಡೋಕೆ ಇನ್ನೂ ದಿನ ಇತ್ತಂತೆ. ಮಗನ ಜೊತೆ ಮಸ್ಜಿದ್ ಆಯಿಷಾ ತನಕ ಹೋಗಿ, ಅಲ್ಲಿ ಇಹ್ರಾಮ್ ಕಟ್ಟಿಕೊಂಡು ಬಂದು, ಹೆಂಡತಿಯ ಹೆಸರಿನಲ್ಲಿ ಒಂದು ಉಮ್ರಾ ಮಾಡಿದರಂತೆ. ಅದಕ್ಕೆ ಕೋಟಾ ಗೀಟಾ ಕೇಳಲಿಲ್ಲವಾ ಅಂದೆ.

"ಅವಳ ಹೆಸರು 2020ರಲ್ಲೇ ಬಂದಿತ್ತಲ್ಲ ಮರಿ" ಅಂದು, ಎದ್ದು, ಕೊಳೆ ಬಿದ್ದಿದೆಯಾ ಅಂತ ನೋಡೋಕೆ ಮುಂದಿನ ಸಾಲಿಗೆ ಹೋದರು.